ನಾಲ್ಕು ಸಿಎನ್‌ಸಿ ಇರೋ ಸಣ್ಣ ಶಾಪಿಗೆ ಈ ಲೀನ್ ಗೀನ್ ಎಲ್ಲ ವರ್ಕ್ ಆಗುತ್ತಾ?

ಹೆಬ್ಬಾಳ_ಲೇತ್

ನಮಸ್ಕಾರ ಎಲ್ರಿಗೂ. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಜಾಬ್‌ವರ್ಕ್ ಶಾಪ್ ಇದೆ, ಅಪ್ಪ ಶುರು ಮಾಡಿದ್ದು, ಎರಡು ವರ್ಷದಿಂದ ನಾನ್ ನೋಡ್ಕೋತಿದೀನಿ. ನಾಲ್ಕು ಸಿಎನ್‌ಸಿ ಲೇತು (ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡೋದು), ಒಂದು ವಿಎಂಸಿ (ಅದೇ ಥರದ ಮಿಲ್ಲಿಂಗ್ ಮಷೀನು), ಎರಡು ಹಳೇ ಡ್ರಿಲ್ಲಿಂಗ್ ಮಷೀನು, ಒಟ್ಟು ಹದಿನಾಲ್ಕು ಜನ. ಹೆಚ್ಚಿಗೆ ಮಾಡೋದು ಇಎನ್ 8 ಉಕ್ಕಿನ, ನಡುವೆ ತೂತಿರೋ ಕೊಳವೆ ಥರದ ಬುಷ್‌ಗಳು.

ಹೋದ ವರ್ಷ ಒಬ್ಬ ಕನ್ಸಲ್ಟೆಂಟ್ ಕರ್ಸಿದ್ವಿ, ಲೀನ್, ಅಂದ್ರೆ ಟೈಮು ಸ್ಟಾಕು ದಂಡ ಆಗದಂಗೆ ಕೆಲಸ ಮಾಡೋ ಪದ್ಧತಿ, ಮಾಡ್ಕೊಡ್ತೀನಿ ಅಂತ ಬಂದ್ರು. ನೆಲಕ್ಕೆಲ್ಲ ಹಳದಿ ಗೆರೆ ಹೊಡ್ಸಿದ್ರು, ಸ್ಪ್ಯಾನರ್ ನೇತಾಕೋಕೆ ಬೋರ್ಡ್ ಮಾಡ್ಸಿದ್ರು, ಗೋಡೆ ಮೇಲೆ 5 ಎಸ್ (ಜಾಗ ಓರಣವಾಗಿ ಇಟ್ಕೊಳ್ಳೋ ಐದು ಸೂತ್ರ) ಅಂತ ದೊಡ್ಡ ಫ್ಲೆಕ್ಸು, ಒಂದು ದಿನ ಟ್ರೈನಿಂಗು, ಫೋಟೋ ತಕ್ಕೊಂಡು ಬಿಲ್ ಕೊಟ್ಟು ಹೋದ್ರು. ಮೂರು ತಿಂಗಳು ಚೆನ್ನಾಗಿತ್ತು, ಈಗ ಹಳದಿ ಗೆರೆ ಮೇಲೇ ಕ್ರೇಟು ಜೋಡ್ಸವ್ರೆ, ಬೋರ್ಡಲ್ಲಿ ಸ್ಪ್ಯಾನರ್ ಆಕಾರ ಮಾತ್ರ ಇದೆ ಸ್ಪ್ಯಾನರ್ ಇಲ್ಲ.

ನಂದು ನಿಜವಾದ ತಲೆನೋವು ಎರಡು. ಒಂದು, ಒಂದು ಜಾಬಿಂದ ಇನ್ನೊಂದು ಜಾಬಿಗೆ ಸೆಟಿಂಗ್ ಬದಲಾಯಿಸೋಕೆ ಎರಡೂವರೆ ಗಂಟೆ ಹೋಗುತ್ತೆ, ಅದಕ್ಕೇ ಒಂದು ಸಲ ಸೆಟ್ ಮಾಡಿದ್ರೆ ಬೇಕೋ ಬೇಡ್ವೋ 600 ಪೀಸ್ ಹೊಡೆದುಬಿಡ್ತೀವಿ. ಎರಡು, 40 ಎಂಎಂ ಬೋರ್ (ಒಳಗಿನ ತೂತು) ಇರೋ ಒಂದು ಬುಷ್ ಕಸ್ಟಮರ್ ಹತ್ರ ರಿಜೆಕ್ಟ್ ಆಗ್ತಾನೇ ಇದೆ. ಅವ್ರ ಗೋ ಗೇಜ್, ಅಂದ್ರೆ ತೂತು ತೀರಾ ಚಿಕ್ಕದಾಗಿಲ್ಲ ಅಂತ ನೋಡೋಕೆ ತೂರಿಸೋ ಅಳತೆ ಕಡ್ಡಿ, ಒಳಗೆ ಹೋಗಲ್ವಂತೆ. ನಮ್ಮಲ್ಲಿ ಪ್ರತಿ ಪೀಸೂ ಮಷೀನಿಂದ ಇಳಿಸ್ತಿದ್ದಂಗೇ ಚೆಕ್ ಮಾಡ್ತಾರೆ, ನಾನೇ ನಿಂತ್ಕೊಂಡು ನೋಡಿದೀನಿ, ಸಲೀಸಾಗಿ ಹೋಗುತ್ತೆ. ಅಪ್ಪ ಅಂತೂ ಇದೆಲ್ಲ ಟೊಯೋಟಾ ಥರದವ್ರಿಗೆ ಕಣೋ ನಮ್ಗಲ್ಲ ಅಂತಾರೆ. ಅನುಭವ ಇರೋರು ಹೇಳಿ.

ಟೂಲ್‌ರೂಮ್_ತಾತ

ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ. ನಾನು 34 ವರ್ಷ ಟೂಲ್‌ರೂಮಿನಲ್ಲಿ, ಪ್ರೆಸ್‌ಶಾಪಿನಲ್ಲಿ ಸವೆದವನು, ಈಗ ಕುವೆಂಪುನಗರದಲ್ಲಿ ಮೊಮ್ಮಕ್ಕಳ ಸೈಕಲ್ ರಿಪೇರಿ ಮಾಡ್ಕೊಂಡಿದ್ದೀನಿ.

ಬಣ್ಣ ಹೊಡೆಯೋದು ಲೀನ್ ಅಲ್ಲ ಮಾರಾಯ. ನಿಮ್ಮ ಎರಡೂವರೆ ಗಂಟೆ ಹಿಡ್ಕೊಳ್ಳಿ ಮೊದಲು, ಇಡೀ ಗಂಟು ಇರೋದು ಅಲ್ಲಿ. ಶಿಗೆಯೋ ಶಿಂಗೋ ಅಂತ ಜಪಾನಿನ ಇಂಜಿನಿಯರ್ ಒಬ್ಬರಿದ್ರು, 1950ರಲ್ಲಿ ಹಿರೋಶಿಮಾದಲ್ಲಿ ಮಾಜ್ದಾ ಫ್ಯಾಕ್ಟರಿಗೆ ಹೋಗಿ ಪ್ರೆಸ್ಸಿನ ಡೈ ಬದಲಾಯಿಸೋದನ್ನ ನೋಡ್ತಾ ನಿಂತ್ರಂತೆ, ಒಬ್ಬ ಕೆಲಸಗಾರ ಒಂದು ಬೋಲ್ಟ್ ಸಿಗದೆ ಒಂದು ಗಂಟೆಗೂ ಮೇಲೆ ಓಡಾಡಿ, ಕೊನೆಗೆ ಪಕ್ಕದ ಮಷೀನಿನ ಉದ್ದನೆ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಅಲ್ಲಿಂದ ಶುರುವಾಗಿದ್ದು ವಿಚಾರ: ಮಷೀನ್ ನಿಲ್ಲಿಸೇ ಮಾಡಬೇಕಾದ ಕೆಲಸ ಯಾವುದು, ಮಷೀನ್ ಓಡ್ತಿರುವಾಗಲೇ ಮಾಡಿಟ್ಕೋಬಹುದಾದ್ದು ಯಾವುದು ಅಂತ ಬೇರೆ ಮಾಡೋದು. 1969ರಲ್ಲಿ ಟೊಯೋಟಾದಲ್ಲಿ 1000 ಟನ್ ಪ್ರೆಸ್ಸಿನ ಸೆಟಪ್ಪು ನಾಲ್ಕು ಗಂಟೆ ಇದ್ದದ್ದು ಒಂದೂವರೆ ಗಂಟೆಗೆ ಇಳೀತು, ಅದೂ ಸಾಲದು ಅಂದಾಗ ಮೂರು ನಿಮಿಷಕ್ಕೆ ತಂದ್ರು. ನಿಮಗೆ ಮೂರು ನಿಮಿಷ ಬೇಡ, ಅದರ ಆಸೆಗೂ ಬೀಳಬೇಡಿ.

ನಾನು ನಮ್ಮ ಕಾಲದಲ್ಲಿ ವಾಚ್ ಹಿಡ್ಕೊಂಡು ನಿಲ್ತಿದ್ದೆ, ನಿಮ್ಹತ್ರ ಫೋನಿದೆ. ಮುಂದಿನ ಸಲ ಸೆಟಿಂಗ್ ಬದಲಾಯಿಸುವಾಗ ಹಿಂದಿನ ಜಾಬಿನ ಕೊನೇ ಪೀಸಿನಿಂದ ಹೊಸ ಜಾಬಿನ ಮೊದಲನೇ ಒಳ್ಳೇ ಪೀಸಿನವರೆಗೂ ವಿಡಿಯೋ ಮಾಡಿ, ಆಪರೇಟರ್‌ಗೆ ಹೇಳಿಬಿಟ್ಟೇ ಮಾಡಿ, ಕದ್ದು ಬೇಡ. ಆಮೇಲೆ ಅವನ ಪಕ್ಕದಲ್ಲೇ ಕೂತು ಟೀ ಕುಡೀತಾ ನೋಡಿ. ನಾನು ಪಂದ್ಯ ಕಟ್ತೀನಿ, ಅವನು ಪೀಸ್ ಹಿಡಿಯೋ ಚಕ್ ಮುಂದೆ ನಿಂತಿರೋದಕ್ಕಿಂತ ಸ್ಟೋರಿಗೆ ನಡೆದಿರೋದೇ ಜಾಸ್ತಿ ಇರುತ್ತೆ. ಚಕ್ಕಿಗೆ ಹಾಕೋ ಸಾಫ್ಟ್ ಜಾ ಹುಡುಕೋದು, ತೂತು ಕೊರೆಯೋ ಬೋರಿಂಗ್ ಬಾರ್ ಇನ್ನೊಬ್ಬನ ಹತ್ರ ಇದೆ ಅಂತ ಕಾಯೋದು, ಅಲೆನ್ ಕೀ ಯಾರ ಜೇಬಲ್ಲೋ, ಮೊದಲನೇ ಪೀಸ್ ಓಕೆ ಮಾಡೋಕೆ ಕ್ಯೂಸಿಯವ್ರು (ಕ್ವಾಲಿಟಿ ನೋಡೋರು) ಊಟಕ್ಕೆ ಹೋಗವ್ರೆ. ಇವೆಲ್ಲ ಹಿಂದಿನ ಜಾಬ್ ಓಡ್ತಿರುವಾಗಲೇ ಒಂದು ಟ್ರಾಲಿ ಮೇಲೆ ಜೋಡಿಸಿಟ್ರೆ ಅರ್ಧ ಟೈಮ್ ಅಲ್ಲೇ ಉಳೀತು, ಒಂದು ಪೈಸೆ ಮಷೀನಿಗೆ ಹಾಕದೆ.

ಲೆಕ್ಕ ನೋಡಿ. ಈಗ ಒಂದು ಸಲಕ್ಕೆ 150 ನಿಮಿಷ. ಅದನ್ನ 50ಕ್ಕೆ ತಂದ್ರೆ ಅದೇ 150 ನಿಮಿಷದಲ್ಲಿ ಮೂರು ಸಲ ಬದಲಾಯಿಸಬಹುದು, ಅಂದ್ರೆ 600ರ ಲಾಟಿನ ಬದಲು 200ರ ಲಾಟು. ಹಳದಿ ಗೆರೆ ಮೇಲಿನ ಕ್ರೇಟು ತಾನಾಗೇ ಕರಗುತ್ತೆ, ನೀವು ಬೈಯಬೇಕಾಗಿಲ್ಲ.

ಸೆಕೆಂಡ್_ಶಿಫ್ಟ್

ತಾತನ ಮಾತು ಚೆನ್ನಾಗಿದೆ ಆದ್ರೆ ನಾನೊಬ್ಬ ಆಪರೇಟರ್, ನಮ್ ಕಡೆದೂ ಕೇಳಿ. ನಾನ್ ಹಿಂದೆ ಇದ್ದ ಒಂದು ಕಂಪನಿಲಿ ಹಿಂಗೇ ವಿಡಿಯೋ ಮಾಡಿದ್ರು, ನಾವೇ ಐಡಿಯಾ ಕೊಟ್ವಿ, ಸೆಟಿಂಗ್ ಟೈಮ್ ಅರ್ಧ ಆಯ್ತು, ಕೈ ಕುಲುಕಿ ಒಂದೊಂದು ಸ್ಟೀಲ್ ಡಬ್ಬಿ ಕೊಟ್ರು. ಮುಂದಿನ ತಿಂಗಳೇ ಟಾರ್ಗೆಟ್ ಏರ್ಸಿದ್ರು, ಮೂರು ಜನ ಕಾಂಟ್ರಾಕ್ಟ್ ಹುಡುಗ್ರುನ್ನ ಬರಬೇಡಿ ಅಂದ್ರು. ಅಲ್ಲಿಂದಾಚೆಗೆ ಯಾವನೂ ಬಾಯಿ ಬಿಡ್ಲಿಲ್ಲ, ಕ್ಯಾಮೆರಾ ಕಂಡ್ರೆ ಬೇಕಂತಲೇ ನಿಧಾನ ಮಾಡ್ತಿದ್ವಿ. ಸ್ಪ್ಯಾನರ್ ಬೋರ್ಡ್ ಯಾಕೆ ಖಾಲಿ ಗೊತ್ತಾ ಬ್ರೋ, ಇರೋದು ಒಂದೇ ಸೆಟ್ಟು, ಬೋರ್ಡಲ್ಲಿಟ್ರೆ ಬೇರೆಯವ್ನು ಎತ್ಕೊಂಡು ಹೋಗ್ತಾನೆ ಅಂತ ನಾವು ಡ್ರಾಯರಲ್ಲಿ ಬಚ್ಚಿಡ್ತೀವಿ. ಫ್ಲೆಕ್ಸ್ ದುಡ್ಡಲ್ಲಿ ಇನ್ನೆರಡು ಸೆಟ್ ತಂದಿದ್ರೆ ಆಗ್ತಿತ್ತು.

ಕ್ಯೂಸಿ_ಅಕ್ಕ

ಸೆಕೆಂಡ್ ಶಿಫ್ಟ್ ಹೇಳಿದ ಕೊನೇ ಮಾತು ಫ್ರೇಮ್ ಹಾಕಿಸಿ ಇಡಬೇಕು.

ನಾನು ಬೋರ್ ವಿಷಯಕ್ಕೆ ಬರ್ತೀನಿ, ನಂಗೆ ಕೈ ತುರಿಸ್ತಾ ಇದೆ ಇದನ್ನ ಓದಿದಾಗಿಂದ. ಹದಿನಾರು ವರ್ಷ ಕ್ವಾಲಿಟಿಲಿ ಇದೀನಿ, ಹೂಟಗಳ್ಳಿ ಕಡೆ. "ಮಷೀನಿಂದ ಇಳಿಸ್ತಿದ್ದಂಗೇ ಚೆಕ್ ಮಾಡ್ತಾರೆ" ಅಂದ್ರಲ್ಲ, ಅಲ್ಲೇ ಇದೆ ನೋಡಿ ಕಳ್ಳ. ಪೀಸ್ ಬಿಸಿ ಇರುತ್ತೆ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಒಂದು ಎಂಎಂನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತೆ, 40 ಎಂಎಂ ಬೋರು ಗೇಜಿಗಿಂತ 15 ಡಿಗ್ರಿ ಜಾಸ್ತಿ ಬಿಸಿ ಇದ್ರೆ ಹತ್ತಿರ ಹತ್ತಿರ 7 ಮೈಕ್ರಾನ್ ದೊಡ್ಡದಾಗಿ ಕಾಣುತ್ತೆ. ನಿಮ್ದು ಎಚ್ 7 ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಲೆಕ್ಕ) ಇರಬೇಕು ಅನ್ಕೋತೀನಿ, ಹಾಗಿದ್ರೆ 40.000ದಿಂದ 40.025ರವರೆಗೆ, ಒಟ್ಟು ಇರೋದೇ 25 ಮೈಕ್ರಾನ್, ಅದ್ರಲ್ಲಿ 7 ಬಿಸಿಗೇ ಹೋಯ್ತು. ಡ್ರಾಯಿಂಗಲ್ಲಿರೋ ಅಳತೆ 20 ಡಿಗ್ರಿಗೆ ಅಂತ ಲೆಕ್ಕ, ಬಿಸಿ ಬಿಸಿ ಪೀಸಿಗಲ್ಲ.

ಇನ್ನೊಂದು, ನಿಮ್ ಹುಡುಗ್ರು ಬೋರನ್ನ ಕಮ್ಮಿ ಕಡೆಗೇ ಇಟ್ಟಿರ್ತಾರೆ ಅಂತ ನನ್ ಅಂದಾಜು. ಯಾಕಂದ್ರೆ ದೊಡ್ಡದಾದ್ರೆ ಸ್ಕ್ರಾಪು, ಬೈಗುಳ. ಚಿಕ್ಕದಾದ್ರೆ ಇನ್ನೊಂದು ಕಟ್ ಕೊಡಬಹುದು. ಆಪರೇಟರ್ ತಪ್ಪಲ್ಲ ಅದು, ನಾವು ಬೈಯೋ ರೀತಿ ಹಂಗಿದೆ. ಸೋ 40.004 ತೋರ್ಸೋ ಬಿಸಿ ಪೀಸು ರಾತ್ರಿ ತಣ್ಣಗಾಗಿ 39.997 ಆಗಿ ಕಸ್ಟಮರ್ ಹತ್ರ ಹೋಗಿ ಕೂರುತ್ತೆ. ಇದ್ರ ಮೇಲೆ ಬೋರಿಂಗ್ ಇನ್ಸರ್ಟ್ (ಬಾರಿನ ತುದಿಯ ಕತ್ತರಿಸೋ ತುಂಡು) ಸವೀತಾ ಹೋದಂಗೆ ಬೋರ್ ಇನ್ನೂ ಚಿಕ್ಕದಾಗುತ್ತೆ. ಅದೂ ಸಾಲದು ಅಂತ ನಿಮ್ ಗೋ ಗೇಜೇ ಸವೆದಿರಬಹುದು, ಸವೆದ ಗೋ ಗೇಜು ಟೈಟ್ ಬೋರಿಗೂ ಹೋಗುತ್ತೆ. ಮೂರೂ ಒಂದೇ ಕಡೆಗೆ ಎಳೀತಿದಾವೆ ನೋಡಿ.

ಒಂದು ಕೆಲಸ ಮಾಡಿ. ಮಾರ್ಕರಲ್ಲಿ 20 ಪೀಸಿಗೆ ನಂಬರ್ ಬರೀರಿ, ಇಳಿಸಿದ ತಕ್ಷಣ ಗೇಜ್ ಹಾಕಿ ಬರ್ಕೊಳ್ಳಿ, ಗ್ರಾನೈಟ್ ಮೇಲೆ ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಮತ್ತೆ ಹಾಕಿ. ಗೇಜನ್ನ ಕ್ಯಾಲಿಬ್ರೇಶನ್‌ಗೆ ಕಳ್ಸಿ, ಕೊನೇ ಸಲ ಯಾವಾಗ ಕಳ್ಸಿದ್ರಿ ಅಂತ ಇಲ್ಲಿ ಹೇಳೋದೇನೂ ಬೇಡ, ಗೊತ್ತಾಗುತ್ತೆ :)

ತಾತ ಹೇಳಿದ ಲಾಟ್ ಸೈಜಿಗೂ ಇದಕ್ಕೂ ಸಂಬಂಧ ಇದೆ, ಇದನ್ನ ಬಹಳ ಜನ ಬೇರೆ ಬೇರೆ ಅನ್ಕೋತಾರೆ. 600 ಪೀಸ್ ಒಟ್ಟಿಗೆ ಹೊಡೆದು ಕಳ್ಸಿದ್ರೆ ತಪ್ಪು ಗೊತ್ತಾಗೋ ಹೊತ್ತಿಗೆ 600ಕ್ಕೂ ಆ ತಪ್ಪು ಅಂಟಿರುತ್ತೆ, ಯಾವ ಶಿಫ್ಟು ಯಾವ ಇನ್ಸರ್ಟು ಅಂತ ಯಾರಿಗೂ ನೆನಪಿರಲ್ಲ. 200 ಆದ್ರೆ ನಷ್ಟಾನೂ ಕಮ್ಮಿ, ನೆನಪೂ ಹಸಿ ಇರುತ್ತೆ. ಟೊಯೋಟಾ ಕಾರ್ ಕಂಪನಿ ಶುರು ಮಾಡಿದವ್ರ ಅಪ್ಪ ಸಾಕಿಚಿ ಟೊಯೋಡಾ ಅವ್ರ ಮಗ್ಗ ದಾರ ಕಡಿದ್ರೆ ತಾನೇ ನಿಂತ್ಕೋತಿತ್ತಂತೆ, ಕಾರ್ ಕಂಪನಿಗಿಂತ ಮುಂಚಿನ ಮಾತು. ಹಾಳು ಬಟ್ಟೆ ಮೊಳಗಟ್ಲೆ ನೇಯೋದಕ್ಕಿಂತ ನಿಂತ್ರೇ ವಾಸಿ ಅಂತ.

ಆಲೆಮನೆ_ಮಂಡ್ಯ

ನಂಗೆ ಸಿಎನ್‌ಸಿ ಗಿಎನ್‌ಸಿ ಗೊತ್ತಿಲ್ಲ ಬುಡಿ, ಪಾಂಡವಪುರದ ಕಡೆ ಆಲೆಮನೆ ಇಟ್ಕಂಡಿವ್ನಿ, ಹಂಗೇ ಓದ್ತಿದ್ದೆ. ನೀವು ಹೇಳ್ತಿರೋ ಈ ಕಮ್ಮಿ ಸ್ಟಾಕ್ ಕತೆ ನಮ್ಗೆ ಹುಟ್ಟಿದಾಗಿಂದ ಅದೆ. ಕಬ್ಬು ಕಡಿದ ಮ್ಯಾಲೆ ಬಿಸಿಲಲ್ಲಿ ಬಿದ್ದಿದ್ರೆ ಸಕ್ಕರೆ ಅಂಶ ಒಡೆದೋಯ್ತದೆ, ಆಮೇಲೆ ಎಷ್ಟು ಕಾಯಿಸಿದ್ರೂ ಪಾಕ ಗಟ್ಟಿ ಆಗಕಿಲ್ಲ, ಅಚ್ಚಿಗೆ ಹುಯ್ದ್ರೆ ಬೆಲ್ಲ ಬೆವರ್ತದೆ. ಅದ್ಕೇ ನಾವು ಗಾಣ ಎಷ್ಟು ನುಂಗ್ತದೋ ಅಷ್ಟೇ ಕಡಿಸೋದು, ಕೊಪ್ಪರಿಗೆ ಖಾಲಿ ಇಲ್ದೆ ಕಬ್ಬಿನ ಹಾಲು ಹಿಂಡಕೋಗಲ್ಲ.

ಆದ್ರೆ ಒಂದ್ ಮಾತು, ತೀರಾ ಬರಿಗೈಲಿ ಕೂತ್ಕಬೇಡಿ ಅಷ್ಟೇಯ. ಕಬ್ಬು ಜಾಸ್ತಿ ಇಡಲ್ಲ ನಿಜ, ಒಲೆಗೆ ಒಣಗಿದ ಸಿಪ್ಪೆ ಮಾತ್ರ ಬೆಟ್ಟದಂಗೆ ಒಟ್ಟಿರ್ತೀವಿ. ಒಂದ್ ಮಳೆ ಬಂದು ಸಿಪ್ಪೆ ನೆಂದ್ರೆ ಎಲ್ಲಾ ನಿಂತೋಯ್ತದಲ್ಲ. ಯಾವ್ದು ಕೆಡ್ತದೋ ಅದನ್ನ ಕೂಡಿಡಬಾರದು, ಯಾವ್ದು ಇಲ್ದಿದ್ರೆ ಕೆಲ್ಸ ನಿಲ್ತದೋ ಅದನ್ನ ಇಡ್ಬೇಕು.

ಟೂಲ್‌ರೂಮ್_ತಾತ

ಆಲೆಮನೆಯವರು ಹೇಳಿದ್ದು ಟೊಯೋಟಾದವ್ರೂ ಪೆಟ್ಟು ತಿಂದೇ ಕಲಿತದ್ದು. 1997ರ ಫೆಬ್ರವರಿಯಲ್ಲಿ ಬ್ರೇಕಿನ ಒಂದು ಸಣ್ಣ ವಾಲ್ವು ಮಾಡೋ ಐಸಿನ್ ಫ್ಯಾಕ್ಟರಿಗೆ ಬೆಂಕಿ ಬಿತ್ತು, ಬಹುಪಾಲು ವಾಲ್ವು ಅಲ್ಲಿಂದಲೇ ಬರ್ತಿತ್ತು, ಕೈಯಲ್ಲಿ ಸ್ಟಾಕ್ ಹೆಚ್ಚಿರಲಿಲ್ಲ, ಜಪಾನಿನ ಟೊಯೋಟಾ ಲೈನುಗಳು ಹೆಚ್ಚುಕಮ್ಮಿ ಎಲ್ಲ ನಿಂತುಹೋದ್ವು. ಆಮೇಲೆ ಅಕ್ಕಪಕ್ಕದ ಸಪ್ಲೈಯರ್‌ಗಳೆಲ್ಲ ತಮ್ಮ ತಮ್ಮ ಮಷೀನಲ್ಲಿ ಆ ವಾಲ್ವು ಮಾಡಿಕೊಟ್ಟು ಕೆಲವೇ ದಿನದಲ್ಲಿ ಎಬ್ಬಿಸಿದ್ರು, ಅದು ಬೇರೆ ಮಾತು. ನಿಮ್ಮ ಶಾಪಲ್ಲಿ ಇಎನ್ 8 ಬಾರ್ ಒಂದು ವಾರದ್ದು ಇರಲಿ, ಅರೆಬರೆ ಆದ ಬುಷ್ ಕ್ರೇಟುಗಳು ಬೇಡ.

ಇನ್ನು ದುಡ್ಡು ಕೊಟ್ಟು ಕನ್ಸಲ್ಟೆಂಟ್ ಕರೆಯೋ ಮೊದ್ಲು ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ಯಾ ನೋಡ್ಕೊಳ್ಳಿ. 2023ರ ಮಾರ್ಚಿನಲ್ಲಿ ಕೇಂದ್ರದ ಎಂಎಸ್‌ಎಂಇ ಇಲಾಖೆ ಲೀನ್ ಸ್ಕೀಮನ್ನ ಹೊಸದಾಗಿ ಶುರು ಮಾಡ್ತು, ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ, ಕನ್ಸಲ್ಟೆಂಟ್ ಖರ್ಚಿನಲ್ಲಿ ಶೇ. 90 ಸರ್ಕಾರದ್ದು ಅಂತ. ಅದರಲ್ಲಿ ಬರೋರೂ ಹಳದಿ ಪೇಂಟ್ ತಂದ್ರೆ ವಾಪಸ್ ಕಳಿಸಿ.

ಹೆಬ್ಬಾಳ_ಲೇತ್

ಮೂರು ವಾರ ಆದ್ಮೇಲೆ ಬರೀತಿದೀನಿ, ಲೇಟಾಯ್ತು ಸಾರಿ.

ಅಕ್ಕ, ನೀವು ಎಲ್ಲಿದ್ರೂ ನಿಮಗೊಂದು ಕೆಜಿ ಮೈಸೂರು ಪಾಕ್. 20 ಪೀಸಲ್ಲಿ ಬಿಸಿ ಇದ್ದಾಗ 20ಕ್ಕೂ ಗೇಜ್ ಹೋಯ್ತು. ಬೆಳಗ್ಗೆ ಎಂಟು ಗಂಟೆಗೆ ಅದೇ ಗೇಜ್ ಹಾಕಿದ್ರೆ ಆರು ಪೀಸಿಗೆ ಬಾಯಲ್ಲೇ ನಿಂತ್ಕೊಂತು, ನಮ್ ಆಪರೇಟರ್ ಗೇಜನ್ನ ತಿರುಗ್ಸಿ ತಿರುಗ್ಸಿ ನೋಡ್ತಾನೇ ಇದ್ದ, ಯಾರೋ ರಾತ್ರಿ ಪೀಸ್ ಬದಲಾಯ್ಸವ್ರೆ ಸಾರ್ ಅಂದ. ಗೇಜೂ ಸವೆದಿತ್ತು, ಹೊಸದು ತಂದ್ವಿ. ಈಗ ಬೋರನ್ನ 40.012ಕ್ಕೆ ಇಟ್ಕೊಂಡು ಓಡಿಸ್ತಿದೀವಿ, ಪೀಸು ತಣ್ಣಗಾದ್ಮೇಲೇ ಅಳೆಯೋದು, ಮತ್ತೆ ದೊಡ್ಡದಾಗಿ ಸ್ಕ್ರಾಪ್ ಆದ್ರೂ ಬೈಯಲ್ಲ ಅಂತ ನಾನೇ ಎಲ್ರ ಮುಂದೆ ಹೇಳಿದೀನಿ. ಆಮೇಲೆ ಹೋದ ಎರಡು ಲಾಟಲ್ಲಿ ಈ ಬುಷ್ ವಾಪಸ್ ಬಂದಿಲ್ಲ.

ವಿಡಿಯೋನೂ ಮಾಡಿದ್ವಿ. ತಾತ ಪಂದ್ಯ ಗೆದ್ರು. ಒಟ್ಟು 148 ನಿಮಿಷ, ಅದ್ರಲ್ಲಿ ಸ್ಟೋರಿಗೆ ಒಂಬತ್ತು ಸಲ ಹೋಗವ್ನೆ, ಮೊದಲನೇ ಪೀಸ್ ಓಕೆ ಆಗೋಕೆ 35 ನಿಮಿಷ ಸುಮ್ನೆ ನಿಂತವ್ನೆ, ಯಾಕಂದ್ರೆ ಕ್ಯೂಸಿ ಟೇಬಲ್ ಆ ತುದಿಲಿ, ಆ ಹುಡುಗಿ ಡಿಸ್ಪ್ಯಾಚ್ ಬಿಲ್ಲೂ ಮಾಡ್ಬೇಕು. ಹಳೇ ಟೀ ಟ್ರಾಲಿಗೆ ವೆಲ್ಡಿಂಗ್ ಮಾಡ್ಸಿ ಜಾ, ಬಾರು, ಇನ್ಸರ್ಟು, ಕೀ ಎಲ್ಲ ಅದರ ಮೇಲೆ, ಸ್ಪ್ಯಾನರ್ ಇನ್ನೆರಡು ಸೆಟ್ ತಂದಾಯ್ತು. ಹೋದ ಶುಕ್ರವಾರ 70 ನಿಮಿಷಕ್ಕೆ ಬಂತು. 50 ಇನ್ನೂ ಆಗಿಲ್ಲ, ಪ್ರೋಗ್ರಾಂ ಪೆನ್‌ಡ್ರೈವಲ್ಲಿ ಹುಡುಕೋದೇ ಒಂದು ಕತೆ. ಲಾಟ್ 300ಕ್ಕೆ ಇಳ್ಸಿದೀವಿ, ಅಪ್ಪ 200 ಒಪ್ತಿಲ್ಲ.

ಸೆಕೆಂಡ್_ಶಿಫ್ಟ್

ಒಳ್ಳೇದಾಯ್ತು ಬ್ರೋ. ಟಾರ್ಗೆಟ್ ಏರ್ಸಿಲ್ಲ ತಾನೆ?

ಹೆಬ್ಬಾಳ_ಲೇತ್

ಇಲ್ಲ ಗುರು. ಅಪ್ಪ ದಿನಾ ಕೇಳ್ತಾವ್ರೆ, ನಾನ್ ಮಾತು ಮರೆಸ್ತಿದೀನಿ.