ಪದಚರ್ಚೆ: ‘ಕರಪ್ಟ್ ಆದ ಫೈಲ್’ – ಕೆಟ್ಟದ್ದೋ, ಕೆಡಿಸಿದ್ದೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಹಿರಿಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮನೆಯ ಕಂಪ್ಯೂಟರ್ ಕೈಕೊಟ್ಟಾಗ ಏನು ನೋಡಬೇಕು, ಏನು ಮುಟ್ಟಬಾರದು ಅನ್ನುವಷ್ಟೇ ವಿಷಯ. ಶುರುವಿನಲ್ಲೇ ಒಂದು ಪದ ತಡೆದು ನಿಲ್ಲಿಸಿದೆ. ‘ಕರಪ್ಟೆಡ್ ಫೈಲ್’, ಅಂದರೆ ಒಳಗೆ ಹಾಳಾಗಿ ಸರಿಯಾಗಿ ತೆರೆಯದ ಫೈಲ್, ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

‘ಭ್ರಷ್ಟ ಕಡತ’ ಬೇಡವೇ ಬೇಡ. ಭ್ರಷ್ಟ ಅಂದ ಕೂಡಲೇ ಲಂಚ ನೆನಪಾಗುತ್ತದೆ, ಪಕ್ಕದಲ್ಲಿ ಕಡತ ಬಂದರಂತೂ ಮುಗಿಯಿತು, ಓದುವವರು ಸರ್ಕಾರಿ ಕಚೇರಿಯ ಮೇಜಿನ ಮುಂದೆ ಹೋಗಿ ನಿಲ್ಲುತ್ತಾರೆ. ಕಡತ ನನಗೆ ತುಂಬ ಇಷ್ಟದ ಪದ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದದ್ದು ಕಡತ. ಶೃಂಗೇರಿ ಮಠದ ಕಡತಗಳ ಬಗ್ಗೆ ಇಲ್ಲಿ ಹಲವರಿಗೆ ಗೊತ್ತೇ ಇದೆ. ಬರೆದಿಟ್ಟ ದಾಖಲೆಗೆ ಆ ಹೆಸರು ಒಪ್ಪುತ್ತದೆ. ಆದರೆ ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ ಅಂತ ಇರುವ ಫೈಲ್ ಓದುವ ವಸ್ತು ಅಲ್ಲ, ಅದು ಪ್ರೋಗ್ರಾಮ್. ಹಾಗಾಗಿ ನಾನು ‘ಫೈಲ್’ ಅಂತಲೇ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕು ‘ಕರಪ್ಟ್’ನಲ್ಲಿದೆ. ಜನ ಈ ಒಂದು ಪದವನ್ನು ಬೇರೆಬೇರೆ ತೊಂದರೆಗಳಿಗೆ ಬಳಸುತ್ತಾರೆ, ಮತ್ತೆ ಅವಕ್ಕೆಲ್ಲ ಕಾರಣ ವೈರಸ್ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತಾರೆ. ಇದರಿಂದ ನಷ್ಟ ಆಗುತ್ತದೆ. ನಮ್ಮ ಪಕ್ಕದ ಮನೆಯವರ ಲ್ಯಾಪ್‌ಟಾಪ್‌ನಲ್ಲಿ ಪ್ರೋಗ್ರಾಮ್‌ಗಳು ಒಂದೊಂದಾಗಿ ತೆರೆಯದೆ ಹೋದವು. ರಿಪೇರಿ ಅಂಗಡಿಯಲ್ಲಿ ‘ಫೈಲ್ ಕರಪ್ಟ್ ಆಗಿದೆ, ವೈರಸ್, ಫಾರ್ಮ್ಯಾಟ್ ಮಾಡಬೇಕು’ ಅಂದರಂತೆ. ವಿಂಡೋಸ್ ತನ್ನಲ್ಲಿ ಆದ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂಯರ್ ತೆರೆದು ನೋಡಿದರೆ ‘ಬ್ಯಾಡ್ ಬ್ಲಾಕ್’, ಅಂದರೆ ಡಿಸ್ಕಿನಲ್ಲಿ ಕೆಟ್ಟುಹೋದ ಜಾಗ, ಅಂತ ಸಾಲುಸಾಲು ದಾಖಲೆ ಇತ್ತು. ಹಾರ್ಡ್ ಡಿಸ್ಕೇ ಸಾಯುತ್ತಿತ್ತು. ವೈರಸ್ಸಿನ ಸುಳಿವೇ ಇರಲಿಲ್ಲ. ಅಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಮತ್ತೆ ಹಾಕಿದರೆ ಅದು ಇನ್ನೊಂದು ಸಲ ಕೆಡುತ್ತದೆ, ನಡುವೆ ಫೋಟೋಗಳೂ ಹೋಗುತ್ತವೆ. ಮೊದಲು ಮಾಡಬೇಕಾದದ್ದು ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು, ಆಮೇಲೆ ಡಿಸ್ಕ್ ಬದಲಿಸುವುದು.

ಇಂಗ್ಲಿಷಿನ ‘ಕರಪ್ಟೆಡ್’ ಇದು ತಾನೇ ಆದದ್ದೋ ಯಾರೋ ಮಾಡಿದ್ದೋ ಅಂತ ಹೇಳುವುದಿಲ್ಲ. ನಮ್ಮಲ್ಲಿ ಕೆಡು ಬೇರೆ, ಕೆಡಿಸು ಬೇರೆ. ಫೈಲ್ ಕೆಟ್ಟಿತು ಅಂದರೆ ಕರೆಂಟ್ ಹೋಯಿತು, ಡಿಸ್ಕ್ ಹಳೆಯದಾಯಿತು, ರ‍್ಯಾಮ್ ತಪ್ಪು ಬಿಟ್ ಕೊಟ್ಟಿತು. ಕೆಡಿಸಿತು ಅಂದರೆ ಹಿಂದೆ ಒಂದು ಕೈ ಇದೆ. ಇಷ್ಟು ಚೆನ್ನಾಗಿ ವ್ಯಾಕರಣವೇ ದಾರಿ ತೋರಿಸುವಾಗ ಎರಡನ್ನೂ ಒಂದೇ ಪದಕ್ಕೆ ತುರುಕುವುದು ಯಾಕೆ?

ನನ್ನ ಸಲಹೆ ಹೀಗಿದೆ: ತಾನಾಗಿ ಹಾಳಾದದ್ದಕ್ಕೆ ‘ಮುಕ್ಕಾದ ಫೈಲ್’. ಬಾಯಿ ಮುಕ್ಕಾದ ಮಡಕೆ, ಮುಕ್ಕಾದ ವಿಗ್ರಹ ಅಂತ ಹೇಳುತ್ತೇವಲ್ಲ, ಒಂದು ಚೂರು ಹೋಗಿದೆ, ಉಳಿದದ್ದು ಇದೆ, ಆದರೆ ಬಳಸೋಕೆ ಬರುವುದಿಲ್ಲ. ಫೈಲಿನ ವಿಷಯದಲ್ಲೂ ಆಗಿರುವುದು ಅದೇ. ಇನ್ನೊಂದು ಲಾಭವೂ ಇದೆ. ವಿಂಡೋಸ್‌ನಲ್ಲಿ ಫೈಲ್‌ಗಳು ಸರಿಯಿವೆಯಾ ಅಂತ ಪರೀಕ್ಷಿಸೋಕೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅಂತ ಆಜ್ಞೆ ಕೊಟ್ಟಾಗ, ಎಲ್ಲ ಸರಿಯಿದ್ದರೆ ‘ಇಂಟೆಗ್ರಿಟಿ ವಯಲೇಶನ್’ ಕಾಣಲಿಲ್ಲ ಅಂತ ಬರುತ್ತದೆ. ಇಂಟೆಗ್ರಿಟಿಗೆ ‘ಸಮಗ್ರತೆ’ ಅಂತ ಬರೆದರೆ ದೇಶದ ಏಕತೆ, ಸಮಗ್ರತೆ ನೆನಪಾಗುತ್ತದೆ. ‘ಯಾವ ಫೈಲೂ ಮುಕ್ಕಾಗಿಲ್ಲ’ ಅಂದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತದೆ. ಅಂದ ಹಾಗೆ ಈ ಆಜ್ಞೆ ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಮಾತ್ರ ನೋಡುತ್ತದೆ, ಮುಕ್ಕಾದದ್ದನ್ನು ತನ್ನ ಉಗ್ರಾಣದಲ್ಲಿರುವ ಒಳ್ಳೆಯ ಪ್ರತಿಯಿಂದ ಬದಲಿಸುತ್ತದೆ. ಆ ಉಗ್ರಾಣವೇ ಹಾಳಾಗಿದ್ದರೆ ಅದನ್ನು ಸರಿಮಾಡೋಕೆ ಡಿಸ್ಮ್ ಅನ್ನುವ ಇನ್ನೊಂದು ಆಜ್ಞೆ ಇದೆ. ನೀವು ಬೇರೆಯಾಗಿ ಹಾಕಿಕೊಂಡ ಬ್ರೌಸರ್, ಆಟ, ಲೆಕ್ಕಪತ್ರದ ಪ್ರೋಗ್ರಾಮ್ ಕೆಟ್ಟಿದ್ದರೆ ಇವೆರಡೂ ಏನೂ ಮಾಡುವುದಿಲ್ಲ, ಅವನ್ನು ತೆಗೆದು ಮತ್ತೆ ಹಾಕಬೇಕು.

ಯಾರೋ ಕೆಡಿಸಿದ್ದಕ್ಕೆ ‘ಸೋಂಕಿದ ಫೈಲ್’. ಸೋಂಕು ಅನ್ನುವುದರ ಮೂಲ ಅರ್ಥ ಮುಟ್ಟುವುದು. ಹಳ್ಳಿಯಲ್ಲಿ ಗಾಳಿ ಸೋಕಿದೆ ಅನ್ನುತ್ತಾರೆ. 2020ರ ನಂತರ ಸೋಂಕಿತ, ಸೋಂಕು ಎಲ್ಲರ ಬಾಯಲ್ಲೂ ಇವೆ. ಕಂಪ್ಯೂಟರಿಗೆ ಇದು ಸರಿಯಾಗಿ ಹೊಂದುತ್ತದೆ: ಸ್ಯಾಲಿಟಿ ಅನ್ನುವ ಹಳೆಯ ವೈರಸ್, 2003ರಿಂದ ಗೊತ್ತಿರುವಂಥದ್ದು, ಸಿಕ್ಕ ಸಿಕ್ಕ ಇಎಕ್ಸ್‌ಇ ಫೈಲಿಗೆ ತನ್ನ ಕೋಡ್ ಅಂಟಿಸುತ್ತದೆ, ಆಂಟಿವೈರಸ್ಸನ್ನೇ ನಿಲ್ಲಿಸುತ್ತದೆ. ಪ್ರೋಗ್ರಾಮ್ ಮತ್ತೆ ಹಾಕಿದರೂ ಒಂದಾದಮೇಲೊಂದು ಫೈಲಿನ ಗಾತ್ರ ಬದಲಾಗುತ್ತಿದ್ದರೆ, ಪ್ರಾಪರ್ಟೀಸ್‌ನಲ್ಲಿ ಕಂಪನಿಯ ಡಿಜಿಟಲ್ ಸಹಿ ಸರಿಯಿಲ್ಲ ಅಂತ ತೋರಿಸಿದರೆ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ತಾನಾಗೇ ಆಫ್ ಆಗುತ್ತಿದ್ದರೆ ಆಗ ಗುಮಾನಿ ಪಡಬೇಕು. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂಥ ಹೊತ್ತಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ದೇಶದ ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ ಕೂಡ ಉಚಿತ ಸಾಧನಗಳನ್ನು ಕೊಡುತ್ತದೆ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಇವೆರಡೇ ಆದರೆ ಸುಲಭ ಇತ್ತು. 2017ರ ಮೇ ತಿಂಗಳಲ್ಲಿ ಕಂಪ್ಯೂಟರ್‌ಗಳ ಮೇಲೆ ನಡೆದ ವಾನಾಕ್ರೈ ದಾಳಿ ನೆನಪಿದೆಯಲ್ವಾ? ಅಲ್ಲಿ ಜನರ ಫೋಟೋ, ಪತ್ರ ಮುಕ್ಕಾಗಿರಲಿಲ್ಲ, ಸೋಂಕೂ ಅವಕ್ಕೆ ಅಂಟಿರಲಿಲ್ಲ. ಬೀಗ ಬಿದ್ದಿತ್ತು, ಕೀಲಿಕೈಗೆ ಹಣ ಕೇಳುತ್ತಿದ್ದರು. ಝೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್‌ನಲ್ಲಿ ಬರುವ ಶಾರ್ಟ್‌ಕಟ್ ವೈರಸ್ ಇನ್ನೊಂದು ಬಗೆ. ಅದು ಫೋಲ್ಡರ್‌ಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಒಳಗಿನ ಫೈಲ್‌ಗಳು ಹಾಗೇ ಇರುತ್ತವೆ. ಆದರೂ ಎಲ್ಲರೂ ಹೇಳುವುದು ‘ಪೆನ್‌ಡ್ರೈವ್ ಕರಪ್ಟ್ ಆಯ್ತು’ ಅಂತ, ಆಮೇಲೆ ಫಾರ್ಮ್ಯಾಟ್ ಮಾಡಿ ನಿಜವಾಗಿಯೂ ಕಳೆದುಕೊಳ್ಳುತ್ತಾರೆ.

ಕನ್ನಡದವರಿಗೇ ವಿಶೇಷವಾದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಲೇಬೇಕು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ, ವೈರಸ್ ತಿಂದಿದೆ ಅಂತ ಗಾಬರಿಯಾಗಿ ಅಳಿಸಿದವರಿದ್ದಾರೆ. ಅದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಪಠ್ಯ ಅಷ್ಟೇ. ಫಾಂಟ್ ಹಾಕಿದರೆ ಅಥವಾ ಯುನಿಕೋಡಿಗೆ ಪರಿವರ್ತಿಸಿದರೆ ಅಕ್ಷರಗಳು ವಾಪಸ್ ಬರುತ್ತವೆ. ಎಷ್ಟು ಊರುಗಳ ಇತಿಹಾಸ, ಎಷ್ಟು ಜನರ ಕವಿತೆ ಹೀಗೆ ಸುಮ್ನೆ ಅಳಿದಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ಇದಕ್ಕೊಂದು ಹೆಸರು ಇದ್ದರೆ ಜನ ಸ್ವಲ್ಪ ತಡೆದು ನೋಡುತ್ತಾರೆ.

ಕೇಡು ಮಾಡೋಕೆಂದೇ ಬರೆದ ಪ್ರೋಗ್ರಾಮ್, ಅಂದರೆ ಮಾಲ್‌ವೇರ್‌ಗೆ ಈಗಾಗಲೇ ಬಳಕೆಯಲ್ಲಿರುವ ‘ಕುತಂತ್ರಾಂಶ’ ನನಗೆ ಪೂರ್ತಿ ಒಪ್ಪಿಗೆ. ಕು ತಂತ್ರಾಂಶ ಅಂತ ಬಿಡಿಸಿದರೂ ಸರಿ, ಕುತಂತ್ರದ ಅಂಶ ಅಂತ ಓದಿದರೂ ಸರಿ. ವೈರಸ್ಸನ್ನು ವೈರಸ್ ಅಂತಲೇ ಬಿಡೋಣ. ವರ್ಮ್‌ಗೆ ‘ಹುಳು’ ಇಡಬಹುದು, ಯಾಕೆಂದರೆ ಅದಕ್ಕೆ ಇನ್ನೊಂದು ಫೈಲಿನ ಆಸರೆ ಬೇಡ, ನೆಟ್‌ವರ್ಕಿನಲ್ಲಿ ತಾನೇ ತೆವಳಿಕೊಂಡು ಹೋಗುತ್ತದೆ. 1988ರ ನವೆಂಬರಿನ ಮಾರಿಸ್ ವರ್ಮ್ ಮಾಡಿದ್ದೂ ಅದನ್ನೇ.

ಈಗ ನನಗೆ ಬೇಕಾದ ಸಹಾಯ. ‘ಮುಕ್ಕು’ ಅಂದರೆ ಗಬಗಬ ತಿನ್ನು ಅಂತಲೂ ಇದೆ, ‘ಮಣ್ಣು ಮುಕ್ಕು’ ಅನ್ನುವ ಹಾಗೆ. ಅದರಿಂದ ಗೊಂದಲ ಆಗಬಹುದಾ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಚೂರು ಹೋದ ಪಾತ್ರೆಗೆ ಏನನ್ನುತ್ತೀರಿ? ಆಂಟಿವೈರಸ್ಸಿನ ಕ್ವಾರಂಟೈನ್‌ಗೂ ಒಂದು ಮಾತು ಬೇಕು. ಅಳಿಸಿಲ್ಲ, ಓಡದ ಹಾಗೆ ಬೇರೆ ಕಡೆ ಕೂಡಿಟ್ಟಿದೆ ಅನ್ನುವುದು ಅದರಲ್ಲಿ ಕಾಣಬೇಕು. ‘ಕೂಡಿಹಾಕು’ ಸಾಕಾ, ಅಥವಾ ಈಗ ಎಲ್ಲರಿಗೂ ಗೊತ್ತಿರುವ ಕ್ವಾರಂಟೈನ್ ಪದವನ್ನೇ ಉಳಿಸಲಾ? ಫಾಂಟ್ ಇಲ್ಲದೆ ಬೇರೆಯಾಗಿ ಕಾಣುವ ಪಠ್ಯಕ್ಕೆ ನನಗೆ ಯಾವ ಪದವೂ ಹೊಳೆದಿಲ್ಲ. ಡಿಟಿಪಿ ಕೆಲಸ ಮಾಡುವವರು ನಿಮ್ಮ ಅಂಗಡಿಯಲ್ಲಿ ಅದನ್ನು ಏನಂತ ಕರೆಯುತ್ತೀರೋ ದಯವಿಟ್ಟು ಬರೆಯಿರಿ.