ಖಂಡೆ ಪೂಜೆ ಆದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಯಾವುದರಿಂದ ಒರೆಸಬೇಕು?

ಸಪ್ತಾಪುರದ ತಂತಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಯಮಾಹಾ ಪೆಸಿಫಿಕಾ 112 ಇದೆ. ಸೆಕೆಂಡ್ ಹ್ಯಾಂಡ್. ಕಪ್ಪು ಬಾಡಿ, ಬಿಳಿ ಪಿಕ್‌ಗಾರ್ಡ್ (ಬಾಡಿ ಮೇಲಿನ ಪ್ಲಾಸ್ಟಿಕ್ ಹಾಳೆ), ರೋಸ್‌ವುಡ್ ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ). ಈ ಸಲ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅವ್ವ ಸ್ಕೂಟಿ, ಮಿಕ್ಸರ್, ಅಪ್ಪನ ಟೂಲ್ ಬಾಕ್ಸ್ ಜೊತೆ ಗಿಟಾರನ್ನೂ ಸಾಲಿಗೆ ಕೂರಿಸಿದಳು. ಬಾಡಿ ಮೇಲೆ ಮೂರು ಬೆರಳು ವಿಭೂತಿ. ಪಿಕ್‌ಗಾರ್ಡ್ ಮೇಲೆ ಅರಿಶಿನ, ಕುಂಕುಮ. ತಂತಿ ಬಿಗಿಯುವ ತುದಿ, ಅಂದರೆ ಹೆಡ್‌ಸ್ಟಾಕ್ ಮೇಲೆ ಇನ್ನೊಂದು ಬೊಟ್ಟು. ಕೊರಳಿಗೆ ಚೆಂಡು ಹೂವಿನ ಮಾಲೆ. ಫೋಟೋದಲ್ಲಿ ಚೆಂದ ಬಂದಿದೆ, ಅದು ಬೇರೆ ಮಾತು.

ಈಗ ಒರೆಸಬೇಕು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಇದೆ, ಕಟ್ಟಿಗೆಗೆ ಅದೇ ಒಳ್ಳೆಯದು ಅನ್ನುತ್ತಾರೆ ಅಪ್ಪ. ತಮ್ಮ ಕಾರ್ ಪಾಲಿಶ್ ಹಿಡಿದು ನಿಂತಿದ್ದಾನೆ. ಪಕ್ಕದ ಮನೆ ಆಂಟಿ ಗಾಜು ಒರೆಸುವ ಸ್ಪ್ರೇ ಕೊಟ್ಟಿದ್ದಾರೆ. ನನ್ನ ಕೈಗೆ ಸಿಕ್ಕಿದ್ದು ಸ್ಯಾನಿಟೈಸರ್.

ಇನ್ನೊಂದು ತಲೆನೋವು. ಸೋದರಮಾವನ ಮಗ ಹೊರದೇಶಕ್ಕೆ ಹೋಗುವಾಗ ತನ್ನ ಗಿಬ್ಸನ್ ಲೆಸ್ ಪಾಲ್ ನಮ್ಮಲ್ಲಿ ಇಟ್ಟು ಹೋಗಿದ್ದಾನೆ. ಅದಕ್ಕೂ ಒಂದು ಬೊಟ್ಟು ಬಿದ್ದಿದೆ. ಅವನಿಗೆ ಇನ್ನೂ ಗೊತ್ತಿಲ್ಲ.

ಎರಡಕ್ಕೂ ಆಗುವಂಥ ಕ್ಲೀನರ್, ಪಾಲಿಶ್ ಯಾವುದು? ಪೂಜೆ ಮಾಡಬೇಡಿ ಅಂತ ಅವ್ವನಿಗೆ ಹೇಳಿ ಅನ್ನುವ ಉತ್ತರ ಬೇಡ. ಅದು ಆಗುವ ಮಾತಲ್ಲ.

ಗೋಕುಲ್ ರೋಡ್ ಬೇಸ್:

ಇಷ್ಟೊಂದು ಯೋಚನೆ ಯಾಕ್ರೀ? ಡನ್‌ಲಪ್ ಫಾರ್ಮುಲಾ 65 ಅಂತ ಗಿಟಾರ್ ಪಾಲಿಶ್ ಇದೆ, ಆನ್‌ಲೈನ್ ಸಿಗುತ್ತದೆ. ಬಟ್ಟೆಗೆ ಹಾಕಿ, ಒರೆಸಿ, ಮುಗೀತು. ನನ್ನ ಬೇಸ್ ಗಿಟಾರಿಗೆ ಅದನ್ನೇ ಬಳಸುತ್ತೇನೆ. ಫ್ರೆಟ್‌ಬೋರ್ಡಿಗೆ ಮಾತ್ರ ಅದು ಬೇಡ, ಅದಕ್ಕೆ ಬೇರೆ ಬಾಟಲಿ. ತಮ್ಮನ ಕೈಯಿಂದ ಕಾರ್ ಪಾಲಿಶ್ ಕಸಿದುಕೊಳ್ಳಿ.

ಕೇಶ್ವಾಪುರ ಫ್ರೆಟ್ ಮಿಸ್ತ್ರಿ:

ತಂಗಿ, ಗಡಿಬಿಡಿ ಮಾಡಬೇಡ. ಮೊದಲು ಆ ಸ್ಯಾನಿಟೈಸರ್ ಕೆಳಗಿಡು.

ಮೇಲಿನವರು ಹೇಳಿದ ಪಾಲಿಶ್ ಕೆಟ್ಟದ್ದೇನಲ್ಲ. ಆದರೆ ನಿನ್ನ ಮನೆಯಲ್ಲಿರುವುದು ಎರಡು ಬೇರೆ ಜಾತಿಯ ಗಿಟಾರ್. ಯಾವ ಬಾಟಲಿ ಅನ್ನುವುದಕ್ಕಿಂತ ಮೊದಲು ಗಿಟಾರಿನ ಮೈಮೇಲೆ ಕಂಪನಿಯವರು ಯಾವ ಫಿನಿಶ್ ಬಳಿದಿದ್ದಾರೆ ಅಂತ ಗೊತ್ತಿರಬೇಕು. ಚರ್ಚಿನವರು, ಆರ್ಕೆಸ್ಟ್ರಾದವರು ಸೆಟಪ್‌ಗೆ ಅಂತ ನನ್ನ ಹತ್ತಿರ ಗಿಟಾರ್ ತರುತ್ತಾರೆ. ಹೊಳಪು ಕೆಟ್ಟು ಬರುವುದರಲ್ಲಿ ಜಾಸ್ತಿ ಬೆವರಿನ ಕೆಲಸ ಅಲ್ಲ, ಒರೆಸಿದವರ ಕೆಲಸ.

ನಿನ್ನ ಪೆಸಿಫಿಕಾ ಬಾಡಿ ಮೇಲಿರುವುದು ಪಾಲಿಯುರೆಥೇನ್. ಈಗ ಸಿಗುವ ಹೆಚ್ಚಿನ ಗಿಟಾರ್‌ಗಳಿಗೆ ಇದು, ಇಲ್ಲ ಪಾಲಿಯೆಸ್ಟರ್. ಗಟ್ಟಿ ಪ್ಲಾಸ್ಟಿಕ್ ಪದರ ಅಂದುಕೋ. ಸುಲಭಕ್ಕೆ ಬಗ್ಗುವುದಿಲ್ಲ. ಗಿಬ್ಸನ್ ಹಾಗಲ್ಲ. ಅವರು ಇವತ್ತಿಗೂ ಬಳಸುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ತೆಳುವಾದ ಪದರ. ಅದು ಥಿನ್ನರ್‌ನಲ್ಲಿ ಕರಗಿಸಿ ಹೊಡೆದದ್ದು, ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ನೇಲ್ ಪಾಲಿಶ್ ರಿಮೂವರ್‌ನ ಅಸಿಟೋನ್ ಬಿದ್ದರೆ ಆ ಜಾಗ ಹೋದಂತೆಯೇ. ಸ್ಯಾನಿಟೈಸರ್‌ನ ಆಲ್ಕೋಹಾಲ್, ಕೈಗೆ ಹಚ್ಚಿದ ಸೆಂಟು, ಕೆಲವು ಸೊಳ್ಳೆ ಕ್ರೀಮಿನಲ್ಲಿರುವ ಡೀಟ್, ಇವೆಲ್ಲ ಅದನ್ನು ಮೆತ್ತಗೆ ಮಾಡುತ್ತವೆ. ಗಾಜಿನ ಸ್ಪ್ರೇಯಲ್ಲೂ ಅಮೋನಿಯಾ ಅಥವಾ ಆಲ್ಕೋಹಾಲ್ ಇರುವುದುಂಟು. ಆಂಟಿಗೆ ವಾಪಸ್ ಕೊಡು.

ಈಗ ಕೆಲಸ. ಒಣ ಬಟ್ಟೆಯಿಂದ ತಿಕ್ಕಲು ಹೋಗಬೇಡ. ಪುಡಿ ಇದ್ದಾಗ ತಿಕ್ಕಿದರೆ ಗೀರು ಬೀಳುತ್ತದೆ, ಕಪ್ಪು ಬಾಡಿ ಮೇಲೆ ಟ್ಯೂಬ್‌ಲೈಟ್ ಬಿದ್ದಾಗ ಎದ್ದು ಕಾಣುತ್ತದೆ. ನಮ್ಮ ಹುಬ್ಬಳ್ಳಿ ಧೂಳಿನಲ್ಲಂತೂ ಮರಳು ಇದ್ದೇ ಇರುತ್ತದೆ. ಮೆತ್ತನೆಯ ಪೇಂಟಿಂಗ್ ಬ್ರಷ್ ತಗೋ. ವಿಭೂತಿ, ಕುಂಕುಮ ಎರಡನ್ನೂ ಮೊದಲು ಝಾಡಿಸು, ಊದು. ಗಿಟಾರನ್ನು ಓರೆಯಾಗಿ ಹಿಡಿ, ಪುಡಿ ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತದ ಭಾಗ) ಒಳಗೆ ಹೋಗಬಾರದು. ಆಮೇಲೆ ಮೈಕ್ರೋಫೈಬರ್ ಬಟ್ಟೆ. ಅದು ಇಲ್ಲದಿದ್ದರೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಬನಿಯನ್. ನೀರಲ್ಲಿ ಅದ್ದಿ, ಪೂರ್ತಿ ಹಿಂಡಿ, ಒರೆಸು. ತಕ್ಷಣ ಒಣ ಬಟ್ಟೆ. ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಗ್ಗಕ್ಕೆ ಸಿಗುತ್ತದೆ. ಜಿಡ್ಡು ಹೋಗದಿದ್ದರೆ ಆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ.

ಪೆಸಿಫಿಕಾಗೆ ಇಷ್ಟೇ ಸಾಕಾಗಬಹುದು. ಇನ್ನೂ ಹೊಳಪು ಬೇಕು ಅನ್ನಿಸಿದರೆ ಗಿಟಾರ್ ಪಾಲಿಶ್ ಹಾಕು. ಬಾಡಿ ಮೇಲೆ ಸ್ಪ್ರೇ ಮಾಡಬೇಡ, ಬಟ್ಟೆಗೆ ಮಾಡು.

ಅರಿಶಿನದ ವಿಷಯ ಬೇರೆ. ಅದರ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸೋಪು ತಾಗಿದಾಗ ಹಳದಿ ಕಲೆ ಕೆಂಪಾದರೆ ಗಾಬರಿ ಬೀಳಬೇಡ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಅದೇ ಗುಣದಿಂದ. ಬಿಳಿ ಪಿಕ್‌ಗಾರ್ಡ್ ಮೇಲೆ ಹಳದಿ ಉಳಿದರೆ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್ ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ತುಸು ತಾಗಿಸಿ ಕಲೆ ಮೇಲಷ್ಟೇ ಒರೆಸು. ಮೊದಲು ಮೂಲೆಯಲ್ಲಿ ನೋಡು. ಇದು ಪೆಸಿಫಿಕಾಗೆ ಮಾತ್ರ. ಲೆಸ್ ಪಾಲ್ ಹತ್ತಿರ ಆ ಬಾಟಲಿ ಒಯ್ಯಲೇಬೇಡ. ಅದಕ್ಕೆ ಬ್ರಷ್, ಹಿಂಡಿದ ಬಟ್ಟೆ, ಒಣ ಬಟ್ಟೆ ಅಷ್ಟೇ. ಕಲೆ ಉಳಿದರೆ ಉಳಿಯಲಿ. ನೈಟ್ರೋ ಹೇಗೂ ವರ್ಷ ಕಳೆದಂತೆ ತಾನಾಗಿ ಹಳದಿ ತಿರುಗುತ್ತದೆ.

ಸಪ್ತಾಪುರದ ತಂತಿ:

ಅಣ್ಣಾ, ತುಂಬಾ ಉಪಕಾರ. ಬಾಡಿ, ಪಿಕ್‌ಗಾರ್ಡ್ ಎರಡೂ ಸ್ವಚ್ಛ ಆದವು. ಮೂರು ಸಂಶಯ ಉಳಿದಿವೆ. ಹೆಡ್‌ಸ್ಟಾಕ್ ಹೊಳೆಯುವುದಿಲ್ಲ, ಒಂಥರಾ ಮಂಕು ಫಿನಿಶ್. ಅಲ್ಲಿ ಹಳದಿ ಇನ್ನೂ ಇದೆ, ಪಾಲಿಶ್ ಹಾಕಿ ತಿಕ್ಕಲಾ? ಎರಡನೆಯದು, ಫ್ರೆಟ್‌ಬೋರ್ಡ್ ಬಿಳಚಿಕೊಂಡಿದೆ, ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಫ್ರೆಟ್ ಅಂಚಿನಲ್ಲಿ ಹಸಿರು ಕೊಳೆ. ಮೂರನೆಯದು, ಅಗಸೆ ಎಣ್ಣೆ ಯಾಕೆ ಬೇಡ ಅಂತ ಅಪ್ಪನಿಗೆ ಹೇಳಲು ಒಂದು ಕಾರಣ ಬೇಕು. ಸುಮ್ನೆ ಬೇಡ ಅಂದರೆ ಕೇಳುವವರಲ್ಲ.

ಕೇಶ್ವಾಪುರ ಫ್ರೆಟ್ ಮಿಸ್ತ್ರಿ:

ಮಂಕು ಫಿನಿಶ್‌ಗೆ ಪಾಲಿಶ್ ಹಾಕಬೇಡ. ತಿಕ್ಕಿದಷ್ಟು ಜಾಗ ಹೊಳೆಯಲು ಶುರುವಾಗುತ್ತದೆ, ಆಮೇಲೆ ಅದನ್ನು ಮಂಕು ಮಾಡುವುದು ಕಷ್ಟ. ನೆಕ್ ಹಿಂಬದಿಗೂ ಇದೇ ಮಾತು. ಅರಿಶಿನದ ಬಣ್ಣ ಬೆಳಕಿಗೆ ಬಿಳಿಚುತ್ತದೆ. ಅವ್ವನ ಸೀರೆ ಮೇಲಿನ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದಲ್ಲ, ಅದೇ. ಆದರೆ ಗಿಟಾರನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟುಬಿಡಬೇಡ ಮತ್ತೆ! ಕಟ್ಟಿಗೆ ಬಾಗುತ್ತದೆ, ಅಂಟು ಬಿಡುತ್ತದೆ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡು. ನಿಧಾನಕ್ಕೆ ಹೋಗುತ್ತದೆ.

ಫ್ರೆಟ್‌ಬೋರ್ಡ್. ರೋಸ್‌ವುಡ್ ಅಂದರೆ ನಮ್ಮ ಬೀಟೆ ಮರದ ಬಳಗ. 2017ರಲ್ಲಿ ಈ ಬಳಗದ ಕಟ್ಟಿಗೆ ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬಿಗಿ ಆಯಿತು. ಆಗ ಕೆಲವು ಕಂಪನಿಗಳು ಲಾರೆಲ್ ಕಡೆ ತಿರುಗಿದವು. ಇಂಡಿಯನ್ ಲಾರೆಲ್ ಅಂತ ಬಾಕ್ಸ್ ಮೇಲೆ ಬರೆದಿರುತ್ತದೆ, ನೋಡಿದರೆ ನಮ್ಮ ಮತ್ತಿ ಮರ! ದಾಂಡೇಲಿ ಕಡೆ ಕಾಡಿನಲ್ಲಿ ಬೇಕಾದಷ್ಟಿದೆ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ಆ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಇರಲಿ. ಬೀಟೆ, ಮತ್ತಿ, ಎಬೊನಿ ಈ ಮೂರಕ್ಕೂ ಸಾಮಾನ್ಯವಾಗಿ ಮೇಲೆ ಲ್ಯಾಕರ್ ಇರುವುದಿಲ್ಲ, ಬರೀ ಕಟ್ಟಿಗೆ. ಎಣ್ಣೆ ಬೇಕಾಗುವುದು ಇವಕ್ಕೆ. ಮೇಪಲ್ ಫ್ರೆಟ್‌ಬೋರ್ಡ್ ಇದ್ದವರು ಎಣ್ಣೆ ಹಚ್ಚಬೇಡಿ. ಅದರ ಮೇಲೆ ಹೆಚ್ಚಾಗಿ ಫಿನಿಶ್ ಇರುತ್ತದೆ, ಬಾಡಿ ಒರೆಸಿದ ಹಾಗೇ ಒರೆಸಿ.

ಈಗ ಅಪ್ಪನಿಗೆ ಹೇಳುವ ಕಾರಣ. ಅಗಸೆ ಎಣ್ಣೆ ಗಾಳಿ ತಾಗಿ ಒಣಗಿ ಪದರ ಆಗುತ್ತದೆ. ಬ್ಯಾಟಿಗೆ ಅದು ಒಳ್ಳೆಯದೇ, ಚೆಂಡು ಬಿದ್ದಾಗ ಮೇಲ್ಮೈ ಬಿರಿಯಬಾರದು ಅಂತ ಹಚ್ಚುತ್ತಾರೆ. ಬೆರಳು ಓಡಬೇಕಾದ ಕಡೆ ಆ ಪದರ ಅಂಟಂಟು. ಸರ್ತಿ ಸರ್ತಿ ಹಚ್ಚಿದರೆ ಕೊಳೆ ಹಿಡಿದು ಕೂರುತ್ತದೆ. ಇನ್ನೊಂದು ಮಾತು ಅವರಿಗೂ ಹೇಳು. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅದು ಬಿಸಿಯಾಗುತ್ತದೆ, ತಾನಾಗಿ ಬೆಂಕಿ ಹತ್ತುವುದುಂಟು. ಹರಡಿ ಒಣಗಿಸಬೇಕು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಆದರೆ ದಿನ ಕಳೆದಂತೆ ಕಮಟು ವಾಸನೆ.

ಬೇಕಾದದ್ದು ಮಿನರಲ್ ಆಯಿಲ್. ಗಿಟಾರ್ ಅಂಗಡಿಯಲ್ಲಿ ಲೆಮನ್ ಆಯಿಲ್ ಅಂತ ಮಾರುವುದರಲ್ಲಿ ಹೆಚ್ಚಿನದ್ದು ಇದೇ, ನಿಂಬೆ ವಾಸನೆ ಸೇರಿಸಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳು. ಅದೂ ಮಿನರಲ್ ಆಯಿಲೇ. ಮಲಬದ್ಧತೆಗೆ ಕೊಡುವ ಔಷಧಿ, ಅಂಗಡಿಯವರು ಒಂಥರಾ ನೋಡಿದರೆ ನೋಡಲಿ. ಹಾಲು ಹಾಲಾಗಿರುವ ಸಿರಪ್ ಬೇಡ, ನೀರಿನಂತೆ ತಿಳಿಯಾಗಿರುವುದು ಬೇಕು.

ತಂತಿ ತೆಗೆ. ಮೊದಲು ಆ ಹಸಿರು. ಫ್ರೆಟ್ ತಂತಿಗೆ ನಿಕಲ್ ಸಿಲ್ವರ್ ಅನ್ನುತ್ತಾರೆ, ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರವೇ ಜಾಸ್ತಿ. ತಾಮ್ರದ ಪಾತ್ರೆಯ ಹಾಗೆ ಬೆವರಿಗೆ ಕಿಲುಬು ಹಿಡಿಯುತ್ತದೆ. ಹಳೆ ಟೂತ್‌ಬ್ರಷ್, ಸ್ವಲ್ಪ ಲೈಟರ್ ಫ್ಲೂಯಿಡ್. ಸಿಗರೇಟ್ ಲೈಟರ್‌ಗೆ ತುಂಬಿಸುವ ನಾಫ್ತಾ. ಜಿಡ್ಡು ಎತ್ತುತ್ತದೆ, ಬೇಗ ಆರಿ ಹೋಗುತ್ತದೆ. ಕಿಟಕಿ ತೆರೆದಿರಲಿ, ದೇವರ ಕೋಣೆಯ ದೀಪ ದೂರ ಇರಲಿ. ಫ್ರೆಟ್ ಹೊಳೆಯಬೇಕಾದರೆ ಫ್ರೆಟ್‌ಬೋರ್ಡಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಲೋಹ ಮಾತ್ರ ಬಿಡು, ಮೆಟಲ್ ಪಾಲಿಶ್ ಹಾಕಿ ತಿಕ್ಕು. ಯೂಟ್ಯೂಬ್ ನೋಡಿ ಸ್ಟೀಲ್ ವುಲ್ ತರುವವರಿದ್ದಾರೆ. ಅದರ ಕಬ್ಬಿಣದ ಚೂರು ಪಿಕಪ್ ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ನರಕ. ಮಾಡಲೇಬೇಕಾದರೆ ಪಿಕಪ್‌ಗೂ ಟೇಪ್ ಹಚ್ಚು.

ಕೊನೆಗೆ ಎಣ್ಣೆ. ನಾಲ್ಕೈದು ಹನಿ ಬಟ್ಟೆಗೆ. ಪೂರ್ತಿ ಫ್ರೆಟ್‌ಬೋರ್ಡಿಗೆ ಸಾಕು. ಐದು ನಿಮಿಷ ಬಿಟ್ಟು, ಉಳಿದದ್ದು ಒರೆಸಿ ತೆಗೆ. ವರ್ಷಕ್ಕೆ ಒಂದೆರಡು ಸಲ. ಧಾರವಾಡದ ಮಳೆಗಾಲದಲ್ಲಿ ಬೇಕಾಗಿಲ್ಲ, ಶಿವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ನೋಡು.

ಮಾಳಮಡ್ಡಿ ಸಿತಾರ್:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದು ಸಿತಾರ್ ಮನೆ. ರಹಿಮತ್ ಖಾನ್ ಸಾಹೇಬರು ಬಂದು ನೆಲೆಸಿದ ಊರು ಧಾರವಾಡ, ಇಲ್ಲಿ ಸಿತಾರ್ ಇರುವ ಮನೆಗಳು ಕಡಿಮೆ ಏನಿಲ್ಲ. ನಮ್ಮ ಹಳೆ ಸಿತಾರ್‌ಗೆ ಇರುವುದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಉಂಡೆಯಿಂದ ಪದರ ಪದರ ಕೊಡುತ್ತಾರೆ. ಅದರ ಮೇಲೆ ಸ್ಪಿರಿಟ್ ಒರೆಸಿದರೆ ಪಾಲಿಶೇ ಬಟ್ಟೆಗೆ ಬರುತ್ತದೆ. ಹೀಗಾಗಿ ಮನೆಯಲ್ಲಿ ಗಿಟಾರ್ ಜೊತೆ ಸಿತಾರ್, ತಂಬೂರಿ ಇದ್ದವರು ಐಸೊಪ್ರೊಪೈಲ್ ಬಾಟಲಿ ಅವುಗಳ ಹತ್ತಿರ ಒಯ್ಯಬೇಡಿ.

ಮಿಸ್ತ್ರಿಯವರಿಗೆ ಒಂದು ಪ್ರಶ್ನೆ. ಮನೆಗೆ ಬರುವ ಬಡಿಗ, ಗಿಟಾರ್ ಹಳೆಯದಾದರೆ ಮೆಲಮೈನ್ ಹೊಡೆದುಕೊಡುತ್ತೇನೆ, ಹೊಸದರಂತೆ ಆಗುತ್ತದೆ ಅನ್ನುತ್ತಾನೆ. ಆಗಬಹುದಾ?

ಕೇಶ್ವಾಪುರ ಫ್ರೆಟ್ ಮಿಸ್ತ್ರಿ:

ಬೇಡ ಸರ್. ಬಡಿಗರು ಅದನ್ನೂ ಪಾಲಿಶ್ ಅನ್ನುತ್ತಾರೆ, ಆದರೆ ಅದು ಒರೆಸುವ ಪಾಲಿಶ್ ಅಲ್ಲ, ಮೇಲೆ ಕೂರುವ ಹೊಸ ಕೋಟ್. ಬಾಗಿಲು, ಕಪಾಟಿಗೆ ಚೆನ್ನ. ಗಿಟಾರಿನ ಹಳೆ ಫಿನಿಶ್ ಮೇಲೆ ಅದು ಹಿಡಿಯದೆ ಸಿಪ್ಪೆ ಏಳಬಹುದು. ಅದಕ್ಕೂ ಮೊದಲು ಯಾರಾದರೂ ಸಿಲಿಕೋನ್ ಇರುವ ಕಾರ್ ಪಾಲಿಶ್ ಅಥವಾ ಫರ್ನಿಚರ್ ಸ್ಪ್ರೇ ಹಾಕಿದ್ದರೆ ಇನ್ನೂ ಕಷ್ಟ. ಹೊಸ ಪೇಂಟ್ ಹಿಡಿಯದೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಗಿಟಾರ್ ಪಾಲಿಶ್ ಕೊಳ್ಳುವಾಗಲೂ ಸಿಲಿಕೋನ್ ಇಲ್ಲ ಅಂತ ಬರೆದದ್ದನ್ನೇ ನೋಡಿ.

ಗೋಕುಲ್ ರೋಡ್ ಬೇಸ್:

ವಾಲ್ಯೂಮ್ ನಾಬ್ ತಿರುಗಿಸಿದಾಗ ಕರಕರ ಅಂದರೆ ಡಬ್ಲ್ಯುಡಿ-40 ಹೊಡೆಯಬಹುದಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಬಾಗಿಲ ಕೀಲಿಗೆ ಹೊಡೆಯುವ ಆ ಮಾಮೂಲಿ ಡಬ್ಬಿ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಅಂತ ಕೇಳಿ.

ಸಪ್ತಾಪುರದ ತಂತಿ:

ಅಗಸೆ ಎಣ್ಣೆ ಬಟ್ಟೆಯ ಬೆಂಕಿ ಮಾತು ಕೇಳಿ ಅಪ್ಪ ಒಪ್ಪಿದರು. ಹೋಗಿ ಬ್ಯಾಟಿಗೆ ಎಣ್ಣೆ ಒರೆಸಿದ ಬಟ್ಟೆ ಎಲ್ಲಿದೆ ಅಂತ ಹುಡುಕಿದರು ಕೂಡ. ಲಿಕ್ವಿಡ್ ಪ್ಯಾರಾಫಿನ್ ಸಿಕ್ಕಿತು. ಫ್ರೆಟ್‌ಬೋರ್ಡ್ ಈಗ ಕಪ್ಪಗೆ, ಚೆಂದ ಆಗಿದೆ. ಲೆಸ್ ಪಾಲ್ ಬೊಟ್ಟು ಬ್ರಷ್ ಮತ್ತು ಒದ್ದೆ ಬಟ್ಟೆಗೇ ಹೋಯಿತು. ಧೈರ್ಯ ಮಾಡಿ ಫೋಟೋ ಕಳಿಸಿದೆ. ಅವನು ಕುಂಕುಮದ ಬಗ್ಗೆ ಏನೂ ಅನ್ನಲಿಲ್ಲ. ಹಿಂದೆ ಕಾಣುವ ಸ್ಟ್ಯಾಂಡ್ ನೋಡಿ, ಅದರ ರಬ್ಬರ್ ಯಾವುದು ಅಂತ ಕೇಳಿದ. ಸಂತೆಯಲ್ಲಿ ತಂದ ಸ್ಟ್ಯಾಂಡ್, ಕಪ್ಪು ರಬ್ಬರ್. ಅದಕ್ಕೇನು?

ಕೇಶ್ವಾಪುರ ಫ್ರೆಟ್ ಮಿಸ್ತ್ರಿ:

ಅವನಿಗೆ ಗೊತ್ತಿದೆ. ಕೆಲವು ರಬ್ಬರ್, ಮೆತ್ತನೆ ಪ್ಲಾಸ್ಟಿಕ್ ನೈಟ್ರೋ ಜೊತೆ ಸೇರಿದರೆ ಫಿನಿಶ್ ಕರಗಿ ಅಚ್ಚು ಬೀಳುತ್ತದೆ. ಭುಜಕ್ಕೆ ಹಾಕುವ ರೆಗ್ಜಿನ್ ಪಟ್ಟಿ ತಾಗಿಸಿ ಇಟ್ಟರೂ ಅಷ್ಟೇ. ಇವತ್ತೇ ಸ್ಟ್ಯಾಂಡಿನಿಂದ ಇಳಿಸಿ ಅದರ ಕೇಸ್ ಒಳಗೆ ಇಡು. ಪಟ್ಟಿ ಬಿಚ್ಚಿ ಬೇರೆ ಇಡು. ನಿನ್ನ ಪೆಸಿಫಿಕಾ ಆ ಸ್ಟ್ಯಾಂಡ್ ಮೇಲೆ ನಿಲ್ಲಲಿ, ತೊಂದರೆ ಇಲ್ಲ.