'ರೆಸಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫ್ರೆಂಚ್ ಕತೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ರೆಸಿ' (récit, ಫ್ರೆಂಚಿನ ಒಂದು ಬಗೆಯ ಕತೆ) ಅನ್ನುವ ಪದದ ಹತ್ತಿರ ಬಂದು ಗಾಡಿ ನಿಂತಿದೆ.

'ನುವೆಲ್'ಗೆ ಸಣ್ಣಕತೆ ಅಂದರೆ ನಡೆಯುತ್ತದೆ. (ಆ ಪದಕ್ಕೆ ಸುದ್ದಿ ಅನ್ನೋ ಅರ್ಥವೂ ಇದೆ.) 'ರೊಮಾಂ'ಗೆ ಕಾದಂಬರಿ. ಈ ಜೋಡಿ ನನಗೆ ತುಂಬಾ ಇಷ್ಟ. ರೊಮಾಂ ಮೊದಲು ಒಂದು ನುಡಿಯ ಹೆಸರು. 12ನೇ ಶತಮಾನದಲ್ಲಿ ಲ್ಯಾಟಿನ್ ಪುಸ್ತಕವನ್ನು ಜನರ ಮಾತಿಗೆ ತಂದರೆ 'ರೊಮಾಂಗೆ ಹಾಕಿದರು' ಎನ್ನುತ್ತಿದ್ದರು. ಹಾಗೆ ಬಂದ ಕತೆಗೇ ಆಮೇಲೆ ಆ ಹೆಸರು ಅಂಟಿತು. ನಮ್ಮಲ್ಲಿ ಅಂಟಿದ್ದು ಸಂಸ್ಕೃತದ ಬಾಣನ 'ಕಾದಂಬರಿ' ಅನ್ನೋ ಪುಸ್ತಕದ ಹೆಸರು. ಅದನ್ನು ಕನ್ನಡಕ್ಕೆ ತಂದ ನಾಗವರ್ಮನೂ ಒಂಥರಾ ರೊಮಾಂಗೆ ಹಾಕಿದವನೇ ಅಲ್ವಾ!

ತೊಡಕು ರೆಸಿಯದು. ನೀಳ್ಗತೆ, ಕಿರುಕಾದಂಬರಿ ಎರಡೂ ಅಳತೆಯ ಮಾತು. ರೆಸಿಯಲ್ಲಿ ಉದ್ದಕ್ಕಿಂತ ದನಿ ಮುಖ್ಯ. ಒಬ್ಬನೇ ಕೂತು, ಆಗಿಹೋದದ್ದನ್ನು ಹೇಳುತ್ತಾ ಹೋಗುತ್ತಾನೆ. ಫ್ರೆಂಚ್ ಲೇಖಕ ಆಂದ್ರೆ ಜೀದ್‌ನ 'ಲಿಮ್ಮೊರಾಲಿಸ್ತ್' (1902) ನೋಡಿ. ಮಿಷೆಲ್ ತನ್ನ ಗೆಳೆಯರನ್ನು ಅಲ್ಜೀರಿಯಾಕ್ಕೆ ಕರೆಸಿಕೊಂಡು, ರಾತ್ರಿ ತಾರಸಿಯ ಮೇಲೆ ತನ್ನ ಪಾಡು ಹೇಳುತ್ತಾನೆ. ಇಂಥವನ್ನು ಜೀದ್ ರೆಸಿ ಎಂದು ಬೇರೆಯಾಗಿಯೇ ಇಟ್ಟ. 1925ರ 'ಲೆ ಫೋ ಮೊನೆಯೆರ್' ಪುಸ್ತಕದ ಅರ್ಪಣೆಯಲ್ಲಿ ಮಾತ್ರ 'ನನ್ನ ಮೊದಲ ರೊಮಾಂ' ಎಂದ. ಆಗ ವಯಸ್ಸು ಐವತ್ತು ದಾಟಿತ್ತು! ಅದರಲ್ಲಿ ದನಿಗಳ ಜಾತ್ರೆಯೇ ಇದೆ.

ಇನ್ನೊಬ್ಬ ಫ್ರೆಂಚ್ ಲೇಖಕ ಆಲ್ಬೇರ್ ಕಮೂನ 'ಲಾ ಶ್ಯೂತ್' (1956) ಕೂಡ ರೆಸಿ. ಆಮ್‌ಸ್ಟರ್‌ಡ್ಯಾಮಿನ ಒಂದು ಬಾರಿನಲ್ಲಿ ಮಾಜಿ ವಕೀಲನೊಬ್ಬ ಮಾತು ಶುರು ಮಾಡುತ್ತಾನೆ. ಎದುರಿಗಿದ್ದವನ ಮಾತು ನಮಗೆ ಕೇಳಿಸುವುದೇ ಇಲ್ಲ. ಅವನೇನಂದ ಅಂತ ವಕೀಲನ ಉತ್ತರದಿಂದಲೇ ಊಹಿಸಬೇಕು, ಬಸ್ಸಲ್ಲಿ ಪಕ್ಕದ ಸೀಟಿನವರ ಫೋನ್ ಮಾತು ಕೇಳಿಸಿಕೊಂಡ ಹಾಗೆ.

ಇದಕ್ಕೆ 'ಕಥನ' ಅನ್ನಬಹುದು. ಆದರೆ ಆ ಪದ ಈಗ ಎಲ್ಲದಕ್ಕೂ ಬಳಸಿ ಸವೆದಿದೆ. 'ನಿವೇದನೆ' ಅಂದರೆ ದೇವರ ಮುಂದೆ ಕೈಮುಗಿದು ನಿಂತ ಹಾಗಾಗುತ್ತದೆ. 'ಹೇಳಿಕೆ' ಅಂದರೆ ಪೊಲೀಸ್ ಠಾಣೆ. ಸುಮ್ನೆ ನೀಳ್ಗತೆಯ ಜಾಡಿನಲ್ಲಿ 'ಹೇಳ್ಗತೆ' ಅಂತ ಬರೆದು ನೋಡಿದೆ. ಕರಡು ಓದಿದ ಗೆಳೆಯರೊಬ್ಬರು ಅಚ್ಚಿನ ತಪ್ಪು ಅಂದುಕೊಂಡು ಎಲ್ಲ ಕಡೆ 'ನೀಳ್ಗತೆ' ಎಂದು ತಿದ್ದಿ ಕಳಿಸಿದರು.

ಒಬ್ಬರು ಕೂತು ತಮ್ಮ ಕತೆಯನ್ನು ಮೊದಲಿಂದ ಕೊನೇವರೆಗೆ ಬಿಚ್ಚಿ ಹೇಳೋದಕ್ಕೆ ನಿಮ್ಮ ಕಡೆ ಬೇರೆ ಮಾತೇನಾದರೂ ಇದೆಯಾ? 'ತೋಡಿಕೊಳ್ಳುವುದು' ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಅಳಲು ಜಾಸ್ತಿ. ಲಾ ಶ್ಯೂತ್‌ನ ವಕೀಲ ಅಳುವವನಲ್ಲ, ಹೇಳುತ್ತಾ ಹೇಳುತ್ತಾ ಕೇಳುವವನನ್ನೇ ಕಟಕಟೆಗೆ ಹತ್ತಿಸುವವನು.